ಗಿರಣಿ ಹೋಗಿ ಮಾಲ್ ಬಂತು: ಈ ಬದಲಾವಣೆಯ ಲೆಕ್ಕ ಓದುವುದು ಹೇಗೆ?

ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಗೆ ಮಂತ್ರಿ ಮಾಲ್ ಇದೆಯಲ್ಲ, ಅಲ್ಲಿ ಮೊದಲು ರಾಜಾ ಮಿಲ್ ಇತ್ತು. ನೂಲು ತೆಗೆಯುತ್ತಿದ್ದ ಜಾಗದಲ್ಲಿ ಈಗ ಪಾಪ್‌ಕಾರ್ನ್ ಮಾರುತ್ತಾರೆ. ದೇಶ ಕಾರ್ಖಾನೆ ಬಿಟ್ಟು ಸೇವೆಗಳ ಕಡೆ ಹೊರಳುವುದು ಅಂದರೆ ಇಷ್ಟೇ ಅಲ್ವಾ? ಇಷ್ಟೇ ಅಲ್ಲ. ಲೆಕ್ಕವನ್ನು ಹೀಗೆ ಬಿಡಿಸಿ ನೋಡಿ.

ಮೊದಲು ಎರಡು ಪಟ್ಟಿ ಮಾಡಿ. ಒಂದು ಆದಾಯದ್ದು, ಇನ್ನೊಂದು ದುಡಿಯುವವರದ್ದು. ಭಾರತದ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಸೇವೆಗಳದ್ದು. ಅಂಗಡಿ, ಬ್ಯಾಂಕು, ಲಾರಿ, ಸಾಫ್ಟ್‌ವೇರ್, ಶಾಲೆ ಎಲ್ಲ ಇದರಲ್ಲೇ. ಆದರೆ 2023–24ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದುಡಿಯುವವರಲ್ಲಿ ಸುಮಾರು 46% ಇನ್ನೂ ಬೇಸಾಯದಲ್ಲೇ ಇದ್ದಾರೆ. ಬರೀ ಮೊದಲ ಪಟ್ಟಿ ನೋಡಿದವರು ಇಲ್ಲೇ ಎಡವುತ್ತಾರೆ.

ಆಮೇಲೆ, ಇಳಿದದ್ದು ಕೆಲಸವೋ ಸರಕೋ ಕೇಳಿ. 1979ರಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1.95 ಕೋಟಿ ಜನರಿದ್ದರು. ಈಗ 1.3 ಕೋಟಿಯ ಆಸುಪಾಸು. ತಯಾರಾಗುವ ಸರಕು ಮಾತ್ರ ಆಗಿಗಿಂತ ಜಾಸ್ತಿ.

ಬೆಲೆಯನ್ನೂ ನೋಡಿ. ಟಿ.ವಿ. ಅಗ್ಗವಾಗುತ್ತಾ ಬಂತು. ಕ್ಷೌರಕ್ಕೆ ಅಂದೂ ಅರ್ಧ ಗಂಟೆ, ಇಂದೂ ಅರ್ಧ ಗಂಟೆ. ಆದರೂ ಬೇರೆ ಕಡೆ ಸಂಬಳ ಏರಿದಂತೆ ಇಲ್ಲೂ ರೇಟು ಏರಲೇಬೇಕು, ಇಲ್ಲದಿದ್ದರೆ ಕ್ಷೌರಿಕ ಕತ್ತರಿ ಕೆಳಗಿಟ್ಟು ಬೇರೆ ಕೆಲಸ ಹಿಡಿಯುತ್ತಾನೆ. ಒಂದೇ ಒಂದು ಕ್ಷೌರ ಹೆಚ್ಚದಿದ್ದರೂ ಸೇವೆಗಳ ಪಾಲು ಹೆಚ್ಚುತ್ತದೆ.

ಮುಂದಿನದು ನನಗೆ ತುಂಬ ಇಷ್ಟವಾದ ಹೆಜ್ಜೆ. ಕಾರ್ಖಾನೆಯ ಕ್ಯಾಂಟೀನಿಗೆ ಹೋಗಿ. ಕಂಪನಿಯ ಸಂಬಳದವನೇ ಉಪ್ಪಿಟ್ಟು ಕಲಸಿದರೆ ಅವನು ತಯಾರಿಕೆಯ ಲೆಕ್ಕಕ್ಕೆ ಸೇರುತ್ತಾನೆ. ಕ್ಯಾಂಟೀನನ್ನು ಕಾಂಟ್ರಾಕ್ಟಿಗೆ ಕೊಟ್ಟರೆ ಮರುದಿನದಿಂದ ಅವನು ಸೇವೆಯವನು. ಒಲೆ ಬದಲಾಗಿಲ್ಲ, ಬಾಣಲೆ ಬದಲಾಗಿಲ್ಲ, ಉಪ್ಪು ಎಂದಿನಂತೆ ಒಂದು ಚಿಟಿಕೆ ಜಾಸ್ತಿ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಸಾಗಾಟ ಎಲ್ಲವೂ ಹೀಗೇ ಗೇಟಿನಾಚೆ ಹೋದವು. ಹೊರಳಿದ್ದರಲ್ಲಿ ಒಂದು ಪಾಲು ಸುಮ್ನೆ ಕಾಗದದ ಮೇಲಿನದು.

ಕೊನೆಗೆ, ಯಾವಾಗ ಹೊರಳಿತು ನೋಡಿ. ಬ್ರಿಟನ್, ಜರ್ಮನಿ ಹೊಲದವರನ್ನು ಕಾರ್ಖಾನೆಗೆ ಕರೆದುಕೊಂಡು, ಕೈತುಂಬ ಕಾಸಾದ ಮೇಲೆ ಸೇವೆಗಳ ಕಡೆ ತಿರುಗಿದವು. ನಮ್ಮಲ್ಲಿ ಆದಾಯದಲ್ಲಿ ತಯಾರಿಕೆಯ ಪಾಲು ಬಹುಕಾಲದಿಂದ 15–17 ಶೇಕಡದ ಸುತ್ತಲೇ ನಿಂತಿದೆ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಕೆಲಸ ಸಿಕ್ಕಿದ್ದು ಎಂಜಿನಿಯರುಗಳಿಗೆ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವರಿಗೆ ಗಿರಣಿ ಕೊಡುತ್ತಿದ್ದಂಥ ಕೆಲಸ ಅಲ್ಲಿರಲಿಲ್ಲ. ಅಂಥವರು ಇಂದು ಡೆಲಿವರಿ ಬೈಕು ಓಡಿಸುತ್ತಾರೆ, ಮಾಲ್ ಬಾಗಿಲಲ್ಲಿ ಬ್ಯಾಗು ತಪಾಸಣೆ ಮಾಡುತ್ತಾರೆ. ಸರ್ಕಾರಿ ಪಟ್ಟಿಯಲ್ಲಿ ಆ ಎಂಜಿನಿಯರೂ ಇವರೂ ಕೂರುವುದು ಸೇವೆ ಅನ್ನುವ ಒಂದೇ ಕಾಲಂನಲ್ಲಿ.