ಕಕ್ಷಿದಾರ ಸತ್ತ ಮೇಲೆ ಬಂದ ನೋಟಿಸ್

ತಿಥಿ ಊಟ ಮುಗಿದು ವಾರವೂ ಆಗಿರಲಿಲ್ಲ, ಇನ್ಸ್‌ಪೆಕ್ಟರ್ ಫೋನ್ ಮಾಡಿದರು. "ವಕೀಲರೇ, ನಿಮ್ಮ ಪಾರ್ಟಿ ಹೋಗಿಬಿಟ್ರಲ್ಲ, ಇನ್ನೇನು ಗುಟ್ಟು? ಆವತ್ತು ಏನು ಹೇಳಿದ್ರು ಅಂತ ಹೇಳಿಬಿಡಿ."

ಊರಲ್ಲಿ ಒಂದು ಕೊಲೆ ಆಗಿತ್ತು. ಯಾರು ಮಾಡಿದ್ದು ಅಂತ ಗೊತ್ತಾಗಿರಲಿಲ್ಲ. ನನ್ನ ಕಕ್ಷಿದಾರರನ್ನು ಪೊಲೀಸರು ಎರಡು ಸಲ ಕರೆಸಿ ವಿಚಾರಿಸಿದ್ದರು. ಎರಡನೇ ಸಲ ಹೋಗುವ ಮೊದಲು ಅವರು ನನ್ನ ಆಫೀಸಲ್ಲಿ ಒಂದೂವರೆ ಗಂಟೆ ಕೂತಿದ್ದರು. ಹಳದಿ ಹಾಳೆಯಲ್ಲಿ ಬರೆದುಕೊಂಡೆ. ಎರಡೂ ಬದಿ ತುಂಬಿ, ಅಂಚಿನಲ್ಲೂ ಪೆನ್ಸಿಲ್ ಗೀಚು. ಅದಾಗಿ ಸ್ವಲ್ಪ ದಿನಕ್ಕೇ ಹಾರ್ಟ್ ಅಟ್ಯಾಕ್.

ಫೋನಲ್ಲಿ ವಾದಕ್ಕೆ ಇಳಿಯಲಿಲ್ಲ. "ಬರೆದು ಕಳಿಸಿ" ಅಂದೆ. ಬಿಎನ್‌ಎಸ್‌ಎಸ್, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 179ರಲ್ಲಿ ನೋಟಿಸ್ ಬಂತು, ಫೈಲ್ ಸಮೇತ ಸಾಕ್ಷಿಯಾಗಿ ಬನ್ನಿ ಅಂತ. ಉತ್ತರದಲ್ಲಿ ನಾನು ಹಿಡಿದದ್ದು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 132. ಹಳಬರಿಗೆ ಎವಿಡೆನ್ಸ್ ಆಕ್ಟಿನ 126 ಅಂದರೆ ಬೇಗ ತಿಳಿಯುತ್ತೆ. 2024ರ ಜುಲೈ 1ರಿಂದ ನಂಬರ್ ಬೇರೆ, ತಿರುಳು ಅದೇ. ಕಕ್ಷಿದಾರ ಸ್ಪಷ್ಟವಾಗಿ ಒಪ್ಪದೆ ಅವರ ಮಾತನ್ನು ವಕೀಲ ಯಾವತ್ತೂ ಹೊರಗೆ ಹಾಕುವಂತಿಲ್ಲ. ಕೆಲಸ ಮುಗಿದ ಮೇಲೂ ಈ ಹೊಣೆ ಇರುತ್ತೆ ಅಂತ ವಿವರಣೆಯಲ್ಲೇ ಇದೆ. ಸತ್ತರೆ ಬಿಡುಗಡೆ ಅಂತ ಒಂದು ಸಾಲೂ ಇಲ್ಲ. ಗುಮಾಸ್ತರಿಗೂ ಇದೇ ಕಟ್ಟು. ಟೀ ಅಂಗಡಿಯಲ್ಲಿ ಯಾರಾದರೂ ಕೆದಕಿದರೆ ಸುಮ್ನೆ ಎದ್ದು ಬಾ ಅಂತ ನಮ್ಮ ಹುಡುಗನಿಗೆ ಹೇಳಿದ್ದೆ.

ಹಾಗಂತ ಇಡೀ ಫೈಲ್ ಗುಟ್ಟಲ್ಲ. ನಮ್ಮವರು ಜಾಸ್ತಿ ಎಡವೋದು ಇಲ್ಲೇ. ಮೇಜಿನ ಮೇಲೆ ಹರಡಿ ಮೂರು ಗುಡ್ಡೆ ಮಾಡಿದೆ. ಹಳೇ ಜಮೀನು ದಾವೆಯ ಕಾಗದಕ್ಕೆ ಕೋರ್ಟಿನಲ್ಲೇ ಸರ್ಟಿಫೈಡ್ ಕಾಪಿ ಸಿಗುತ್ತೆ. ಅವರು ಬಿಟ್ಟುಹೋದ ಕ್ರಯಪತ್ರ ದಾಖಲೆ, ಮಾತಲ್ಲ. ಕೋರ್ಟ್ ಕೇಳಿದರೆ ಕೋರ್ಟಿನ ಮುಂದೆ ಇಡುತ್ತೇನೆ, ಠಾಣೆಗೆ ತರುವುದಿಲ್ಲ ಅಂತ ಬರೆದೆ. ಹಳದಿ ಹಾಳೆ ಬೀರುವಿನಲ್ಲೇ ಉಳಿಯಿತು. ಆಮೇಲೆ 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. 132ರ ವಿನಾಯಿತಿಗೆ ಬಂದರೆ ಮಾತ್ರ ವಕೀಲರಿಗೆ ಸಮನ್ಸ್, ಅದಕ್ಕೂ ಎಸ್‌ಪಿ ಅಥವಾ ಮೇಲಿನವರ ಒಪ್ಪಿಗೆ ಬೇಕು.

ವಿನಾಯಿತಿಯನ್ನೂ ನೋಡಿಕೊಂಡೇ ಉತ್ತರ ಬರೆದದ್ದು. ಅಪರಾಧಕ್ಕೆ ನೆರವಾಗಲೆಂದು ಸಲಹೆ ಕೇಳಿದ್ದರೆ, ಅಥವಾ ನಾನು ಕೇಸ್ ಹಿಡಿದ ಮೇಲೆ ಅಪರಾಧ ನಡೆದದ್ದು ನನ್ನ ಕಣ್ಣಿಗೆ ಬಿದ್ದಿದ್ದರೆ ರಕ್ಷಣೆ ಸಿಗಲ್ಲ. ಇಲ್ಲಿ ಎರಡೂ ಇರಲಿಲ್ಲ.

ಕಷ್ಟವಾದದ್ದು ನೋಟಿಸ್ ಅಲ್ಲ, ಅವರ ಮಗ. "ಊರೆಲ್ಲ ಅಪ್ಪನ ಮೇಲೆ ಅನುಮಾನ ಪಡ್ತಿದೆ ಸಾರ್. ಅದರಲ್ಲಿ ಏನೂ ಇಲ್ಲ ಅಂತಾದ್ರೂ ಹೇಳಿ." ಏನೂ ಇಲ್ಲ ಅನ್ನೋದೂ ಹೇಳಿದ ಹಾಗೇ. ಇವತ್ತು "ಇಲ್ಲ" ಅಂದುಬಿಟ್ಟರೆ, ನಾಳೆ ಇನ್ನೊಬ್ಬರ ವಿಷಯದಲ್ಲಿ ನಾನು ಬಾಯಿ ಮುಚ್ಚಿಕೊಂಡಾಗ ಅದೇ "ಇದೆ" ಅಂತಾಗುತ್ತೆ, ಅಲ್ವಾ? ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದೆ. ಟೀ ತರಿಸಿದ್ದೆ. ಮುಟ್ಟದೆ ಎದ್ದುಹೋದ.