ಮಾಂದಲಪಟ್ಟಿಗೆ ಹೋಗುವ ಮೊದಲು ಹಾಡನ್ನು ಅಳೆಯಿರಿ

ಕಾಲೇಜಿನ ಕೊನೆಯ ವರ್ಷ ನಾವು ಆರು ಜನ ಒಂದು ಹಾಡಿನ ವಿಡಿಯೊ ಶೂಟ್ ಮಾಡೋಣ ಅಂತ ಜೀಪು ಹತ್ತಿ ಕೊಡಗಿನ ಮಾಂದಲಪಟ್ಟಿ ಬೆಟ್ಟಕ್ಕೆ ಹೋಗಿದ್ದೆವು. ಮೇಲೆ ತಲುಪಿದರೆ ಬರೀ ಮಂಜು. ಹತ್ತು ಹೆಜ್ಜೆ ಆಚೆ ನಿಂತ ಹಾಡುವವನೇ ಕಾಣುತ್ತಿಲ್ಲ. ಮಂಜು ಸರಿದ ಮೇಲೆ ಗೊತ್ತಾಯ್ತು, ಸ್ಪೀಕರ್ ಮನೆಯಲ್ಲೇ ಉಳಿದಿದೆ. ಫೋನಿನಲ್ಲಿ ಹಾಡು ಹಾಕಿದೆವು. ಆ ಗಾಳಿಗೆ ಏನೂ ಕೇಳಲಿಲ್ಲ. ಪಾಪ, ಅವನು ಅಂದಾಜಿನ ಮೇಲೆ ತುಟಿ ಆಡಿಸಿದ. ಎಡಿಟಿಂಗ್‌ಗೆ ಕೂತಾಗ ಒಂದು ಸಾಲೂ ತುಟಿಗೆ ಹೊಂದಲಿಲ್ಲ.

ಹಾಗಾಗಿ ಮೊದಲ ಕೆಲಸ ಕ್ಯಾಮೆರಾದ್ದಲ್ಲ. ಹಾಡು, ಗಡಿಯಾರ, ರೂಲ್ಡ್ ಹಾಳೆ. ಹಾಡನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ. ಪಲ್ಲವಿ ಎಷ್ಟನೇ ಸೆಕೆಂಡಿಗೆ ಶುರು, ಚರಣ ಎಲ್ಲಿ, ನಡುವಿನ ಬಿಜಿಎಂ (ಬರೀ ವಾದ್ಯದ ಭಾಗ) ಎಷ್ಟುದ್ದ, ಎಲ್ಲ ಬರೆಯಿರಿ. ಪಕ್ಕದಲ್ಲೇ ಆ ಸಾಲಿಗೆ ಏನು ಕಾಣಬೇಕು, ಎಲ್ಲಿ ತೆಗೆಯಬೇಕು ಅಂತ ಇನ್ನೆರಡು ಕಾಲಂ. ಇಷ್ಟೇ ಶಾಟ್ ಲಿಸ್ಟ್.

ಈಗ ಲೆಕ್ಕ. ಮೂರೂವರೆ ನಿಮಿಷದ ಹಾಡು ಅಂದರೆ 210 ಸೆಕೆಂಡು. ಒಂದು ಶಾಟ್ ಸರಾಸರಿ 3 ಸೆಕೆಂಡು ನಿಂತರೂ 70 ಶಾಟ್ ಬೇಕು. ಹೆದರಬೇಡಿ. ಒಂದೇ ಜಾಗದಲ್ಲಿ ಇಡೀ ಹಾಡನ್ನು ಮೂರು ಸಲ ಹಾಡಿಸಿ: ಒಮ್ಮೆ ದೂರದಿಂದ, ಒಮ್ಮೆ ಸೊಂಟದವರೆಗೆ, ಒಮ್ಮೆ ಮುಖ ಮಾತ್ರ. ಅರ್ಧಕ್ಕಿಂತ ಜಾಸ್ತಿ ಶಾಟ್ ಅದರಲ್ಲೇ ಸಿಗುತ್ತವೆ. ಉಳಿದ ಇಪ್ಪತ್ತು ಇಪ್ಪತ್ತೈದನ್ನು ಬೇರೆಯಾಗಿ ತೆಗೆದರೆ ಸಾಕು. ಹಾಡಿನ ವೇಗ ನಿಮಿಷಕ್ಕೆ 120 ಬೀಟ್ ಇದ್ದರೆ ನಾಲ್ಕು ಬೀಟಿಗೆ 2 ಸೆಕೆಂಡು. ಎಲ್ಲಿ ಕಟ್ ಮಾಡಬೇಕು ಅನ್ನೋದು ಅಲ್ಲೇ ಅರ್ಧ ತೀರ್ಮಾನವಾಯಿತು.

ತುಟಿಯ ವಿಷಯಕ್ಕೆ ಬರೋಣ, ಕೈಕೊಡುವುದೇ ಅಲ್ಲಿ. ಹಾಡಿನ ಫೈಲಿನ ಮೊದಲಿಗೆ ತಾಳಕ್ಕೆ ಸರಿಯಾಗಿ ನಾಲ್ಕು ಟಿಕ್ ಸದ್ದು ಸೇರಿಸಿ. ಹಾಡುವವನಿಗೆ ಎಲ್ಲಿ ಶುರು ಮಾಡಬೇಕು ಅಂತ ಗೊತ್ತಾಗುತ್ತೆ, ಎಡಿಟ್ ಮಾಡುವಾಗ ಸದ್ದಿಗೆ ಸದ್ದು ಜೋಡಿಸುವುದೂ ಸುಲಭ. ಅದಕ್ಕೇ ಕ್ಯಾಮೆರಾದ ಮೈಕ್ ಆಫ್ ಮಾಡಬೇಡಿ. ಎರಡು ಫೋನಿನಲ್ಲಿ ಶೂಟ್ ಮಾಡುವುದಾದರೆ ಎರಡರಲ್ಲೂ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಲೆಕ್ಕ, ಒಂದೇ ಇರಲಿ, 25 ಅಂದರೆ 25. ಹಾಡುವವನು ನಿಧಾನಕ್ಕೆ ತೇಲಿದಂತೆ ನಡೆಯುತ್ತಾ ಬರಬೇಕು, ತುಟಿ ಮಾತ್ರ ಹಾಡಿಗೆ ಸರಿಹೋಗಬೇಕು ಅನ್ನುವ ಆಸೆ ಇದೆಯಾ? 50 ಫ್ರೇಮಿನಲ್ಲಿ ಶೂಟ್ ಮಾಡಿ, ಹಾಡನ್ನು ಎರಡು ಪಟ್ಟು ವೇಗವಾಗಿ ಹಾಕಿ. ಹಾಡುವವನು ಗಡಿಬಿಡಿಯಲ್ಲಿ ತುಟಿ ಆಡಿಸುತ್ತಾನೆ, ಸುತ್ತ ನಿಂತವರು ನಗುತ್ತಾರೆ. ಅದನ್ನೇ ಎಡಿಟ್ ಮಾಡುವಾಗ ಸೆಕೆಂಡಿಗೆ 25 ಫ್ರೇಮಿನಂತೆ ನಿಧಾನ ಮಾಡಿದಾಗ ತುಟಿ ಸರಿಯಾಗಿ ಕೂರುತ್ತೆ, ಕೂದಲು ಮಾತ್ರ ನಿಧಾನಕ್ಕೆ ಹಾರುತ್ತೆ. ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ ನೋಡಿ.

ಜಾಗ ಯಾವುದು? ಮಡಿಕೇರಿಯ ರಾಜಾಸೀಟಿನ ಸೂರ್ಯಾಸ್ತ, ಅಬ್ಬಿ ಜಲಪಾತ ನೋಡಿ ನೋಡಿ ಸಾಕಾಗಿದೆ, ಅಲ್ವಾ? ಅಲ್ಲಿ ಪ್ರವಾಸಿಗರ ಸೆಲ್ಫಿ ಕೋಲು ತಪ್ಪಿಸುವುದರಲ್ಲೇ ಹೊತ್ತು ಹೋಗುತ್ತೆ. ಅಜ್ಜನ ಮನೆಯ ಕಣದಲ್ಲಿ ಕೆಂಪು ಕಾಫಿ ಹಣ್ಣು ಹರವಿದ್ದರೆ ಅದೇ ಸೆಟ್. ಡಿಸೆಂಬರ್, ಜನವರಿಯಲ್ಲಿ ಹೋಗಿ. ಬೆಳ್ಳಗೆ ಕಾಫಿ ಹೂವೇ ಬೇಕು ಅಂದರೆ ತಾರೀಖು ನಿಮ್ಮ ಕೈಯಲ್ಲಿಲ್ಲ. ಹೂ ಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ಹೂ ಅರಳುತ್ತೆ, ಎರಡು ಮೂರು ದಿನದಲ್ಲಿ ಬಾಡುತ್ತೆ. ಮಳೆ ಬಿದ್ದ ದಿನದಿಂದಲೇ ದಿನ ಎಣಿಸಲು ಶುರು ಮಾಡಿ. ಮಳೆಗಾಲದ ಶೂಟಿಂಗ್ ಬಗ್ಗೆ ನಾನು ಹೇಳುವುದು ಒಂದೇ ಮಾತು: ಬೇಡ. ಜಿಗಣೆಯನ್ನಾದರೂ ತಡೆಯಬಹುದು, ಲೆನ್ಸಿನ ಒಳಗೆ ಕೂರುವ ಹಬೆಯನ್ನಲ್ಲ.

ತೋಟದೊಳಗೆ ಬೆಳಕಿನದೇ ಒಂದು ಕಾಟ. ಮಧ್ಯಾಹ್ನ ಮರಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದು, ಒಂದೇ ಮುಖ ಅರ್ಧ ಬಿಳಿ ಅರ್ಧ ಕಪ್ಪು. ಬೆಳಿಗ್ಗೆ ಬೇಗ ಹೋಗಿ, ಇಲ್ಲಾ ಮೋಡ ಕವಿದ ದಿನ ನೋಡಿಕೊಳ್ಳಿ. ಶೂಟಿಂಗ್‌ಗೆ ಒಂದು ವಾರ ಮೊದಲು, ಅದೇ ಹೊತ್ತಿಗೆ ಆ ಜಾಗದಲ್ಲಿ ನಿಂತು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮಂಜಿನಲ್ಲಿ ಬಿಳಿ ಬಟ್ಟೆ ಕರಗಿಹೋಗುತ್ತೆ. ಕೆಂಪೋ ಸಾಸಿವೆ ಹಳದಿಯೋ ಇರಲಿ.

ಅನುಮತಿ ಕೇಳಲು ನಾಚಿಕೆ ಬೇಡ. ತೋಟದ ಸಾಹುಕಾರರನ್ನು ಮೊದಲೇ ಕೇಳಿ. ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಕಾಲಿಡಬೇಡಿ. 250 ಗ್ರಾಮ್‌ಗಿಂತ ಭಾರದ ಡ್ರೋನ್ ನೋಂದಣಿ ಆಗಿರಲೇಬೇಕು. ಹಾಡು ಗೆಳೆಯನದ್ದೇ ಆದರೂ ಒಂದು ಹಾಳೆಯಲ್ಲಿ ಸಹಿ ಹಾಕಿಸಿಕೊಳ್ಳಿ. ಸಿನಿಮಾ ಹಾಡಾದರೆ ರಾಗಕ್ಕೂ ಧ್ವನಿಮುದ್ರಣಕ್ಕೂ ಬೇರೆ ಬೇರೆ ಹಕ್ಕುದಾರರು ಇರಬಹುದು.

ಇನ್ನು ದಿನದ ಪಟ್ಟಿ. ಹಾಡಿನ ಕ್ರಮದಲ್ಲಿ ಬರೆಯಬೇಡಿ, ಜಾಗದ ಕ್ರಮದಲ್ಲಿ ಬರೆಯಿರಿ. ಕಣದ ಶಾಟ್ ಎಲ್ಲ ಒಟ್ಟಿಗೆ, ಗದ್ದೆಯದ್ದು ಒಟ್ಟಿಗೆ. ಯಾರು ಏನು ತರಬೇಕು ಅಂತ ಹೆಸರಿನ ಮುಂದೆಯೇ ಇರಲಿ, ಸ್ಪೀಕರ್ ಸೇರಿಸಿ. ವಾಟ್ಸಾಪ್ ನಂಬಿ ಕೂರಬೇಡಿ, ತೋಟದೊಳಗೆ ನೆಟ್‌ವರ್ಕ್ ಸಿಕ್ಕರೆ ನಿಮ್ಮ ಅದೃಷ್ಟ. ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ.

ಹೊರಡುವ ಹಿಂದಿನ ಸಂಜೆ ತೋಟದ ರೈಟರ್‌ಗೆ (ಲೆಕ್ಕ, ಕೆಲಸ ನೋಡಿಕೊಳ್ಳುವವರಿಗೆ) ಒಂದು ಫೋನ್ ಮಾಡಿ: "ಅಣ್ಣ, ಆ ಕಡೆ ಆನೆ ಉಂಟಾ?" ಉಂಟು ಅಂದರೆ ಅವತ್ತು ಶೂಟಿಂಗ್ ಇಲ್ಲ. ಇಲ್ಲ ಅಂದರೂ ಸಂಜೆ ಐದಕ್ಕೆ ಟ್ರೈಪಾಡ್ ಮಡಚಿ.