ಬೇಸ್‌ಮೆಂಟಿನಲ್ಲಿ ಐದು ಬ್ಯಾಂಡ್, ಒಂದು ಕ್ಯಾಸೆಟ್

ಹಾರ್ಡ್‌ಕೋರ್ ಪಂಕ್ ಅನ್ನುವ ವೇಗದ, ಒರಟು ರಾಕ್ ಸಂಗೀತ ಕೇಳುವವರಿಗೆ ‘ಫ್ಲೆಕ್ಸ್ ಯುವರ್ ಹೆಡ್’ ಗೊತ್ತಿರುತ್ತದೆ. ಡಿಸ್ಕಾರ್ಡ್ ಅನ್ನುವ ರೆಕಾರ್ಡ್ ಕಂಪನಿ 1982ರಲ್ಲಿ ತಂದ ಎಲ್‌ಪಿ ರೆಕಾರ್ಡ್. ವಾಷಿಂಗ್ಟನ್ ಡಿಸಿ ಮತ್ತು ಸುತ್ತಮುತ್ತಲಿನ ಹುಡುಗರ 11 ಬ್ಯಾಂಡ್, 32 ಹಾಡು. ನಾನಿರುವುದು ಪಕ್ಕದ ಆರ್ಲಿಂಗ್ಟನ್‌ನಲ್ಲಿ. ಆ ಹುಡುಗರು ರೆಕಾರ್ಡ್ ಮಾಡುತ್ತಿದ್ದ ಇನ್ನರ್ ಇಯರ್ ಸ್ಟುಡಿಯೋ ಆಗ ಇದೇ ಊರಿನಲ್ಲಿ, ಡಾನ್ ಝೆಂಟಾರಾ ಅವರ ಮನೆಯ ಬೇಸ್‌ಮೆಂಟಿನಲ್ಲಿತ್ತು. ನಮ್ಮನೆಯಲ್ಲೂ ಬೇಸ್‌ಮೆಂಟ್ ಇದೆ, ಮಗಳು ಅಲ್ಲೇ ಡ್ರಮ್ಸ್ ಬಾರಿಸುತ್ತಾಳೆ. ಹೋದ ವರ್ಷ ಅವಳ ಬ್ಯಾಂಡ್ ಮತ್ತು ಅವಳ ಸ್ನೇಹಿತರ ಇನ್ನೂ ನಾಲ್ಕು ಬ್ಯಾಂಡ್ ಸೇರಿಸಿ ನಾವೂ ಒಂದು ಕ್ಯಾಸೆಟ್ ಮಾಡಿದೆವು.

ರೆಕಾರ್ಡ್ ಮಾಡುವ ಮೊದಲು ಮಗಳು “ಅಪ್ಪಾ, ಇನ್ನೂ ಸ್ವಲ್ಪ ದಿನ ಪ್ರಾಕ್ಟೀಸ್ ಮಾಡ್ತೀವಿ” ಅಂದಳು. ನಾನು ಒಪ್ಪಲಿಲ್ಲ. ಕಾರಣ ಆ ಎಲ್‌ಪಿಯಲ್ಲೇ ಇದೆ. ಟೀನ್ ಐಡಲ್ಸ್, ಅನ್‌ಟಚಬಲ್ಸ್, ಸ್ಟೇಟ್ ಆಫ್ ಅಲರ್ಟ್ ಈ ಮೂರೂ ಅದು ಅಂಗಡಿಗೆ ಬರುವ ಮೊದಲೇ ಒಡೆದುಹೋಗಿದ್ದವು. ಸ್ಟೇಟ್ ಆಫ್ ಅಲರ್ಟ್‌ನಲ್ಲಿ ಹಾಡುತ್ತಿದ್ದ ಹೆನ್ರಿ ರೋಲಿನ್ಸ್ 1981ರಲ್ಲೇ ಬ್ಲಾಕ್ ಫ್ಲ್ಯಾಗ್ ಬ್ಯಾಂಡ್ ಸೇರಿ ಕ್ಯಾಲಿಫೋರ್ನಿಯಾಗೆ ಹೊರಟಿದ್ದರು. ಆದರೂ ಹಾಡು ಉಳಿಯಿತು, ಯಾಕೆಂದರೆ ಇದ್ದಾಗಲೇ ಯಾರೋ ಟೇಪ್ ಮಾಡಿಟ್ಟಿದ್ದರು. ಅನ್‌ಟಚಬಲ್ಸ್‌ನ ‘ನಿಕ್ ಫಿಟ್’ ಅನ್ನು ಹತ್ತು ವರ್ಷ ಆದಮೇಲೆ ಸೋನಿಕ್ ಯೂತ್ ಬ್ಯಾಂಡಿನವರು ತಮ್ಮ ಆಲ್ಬಮ್ಮಿನಲ್ಲಿ ಹಾಡಿದರು. ಟೇಪ್ ಇಲ್ಲದಿದ್ದರೆ ಅದೆಲ್ಲಿ ಸಿಗುತ್ತಿತ್ತು, ಅಲ್ವಾ?

ಆ ಎಲ್‌ಪಿಯಿಂದ ಕಲಿತ ಇನ್ನೊಂದು ವಿಷಯ, ಹಾಡುಗಳ ಲೆಕ್ಕ. ಅದರಲ್ಲಿ ಹೆಚ್ಚಿನ ಬ್ಯಾಂಡ್‌ಗಳಿಗೆ ಮೂರು ಮೂರು ಹಾಡು, ಅದೂ ಒಟ್ಟಿಗೆ. ಒಂದೇ ಹಾಡಾದರೆ ಯಾರು ಯಾರೆಂದು ತಿಳಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ಮೂರು ಕೇಳಿದರೆ ಒಂದು ಬ್ಯಾಂಡ್ ಹೇಗಿದೆ ಅನ್ನುವುದು ಕಿವಿಗೆ ಸಿಗುತ್ತದೆ. ಅದರಲ್ಲಿರುವ ವಾಯ್ಡ್ ಬ್ಯಾಂಡಿನ ಮೂರು ಹಾಡು ಕೇಳಿದವರು ಆ ಗಿಟಾರನ್ನು ಮರೆಯಲಾರರು. ಹಾಗಾಗಿ ನಾವೂ ಬ್ಯಾಂಡಿಗೆ ಮೂರು ಹಾಡು ಅಂದುಕೊಂಡೆವು, 15 ಹಾಡಿಗೆ ಒಟ್ಟು 27 ನಿಮಿಷ ಆಯಿತು.

ಎರಡು ಶನಿವಾರದಲ್ಲಿ ಎಲ್ಲ ರೆಕಾರ್ಡ್ ಮಾಡಿದೆವು. ನಾಲ್ಕು ಮೈಕು, ಗೋಡೆಗೆ ಕಂಬಳಿ. ಎಲ್ಲರೂ ಒಟ್ಟಿಗೆ ಬಾರಿಸಬೇಕು, ಹಾಡುವುದು ಮಾತ್ರ ಆಮೇಲೆ, ಒಂದು ಹಾಡಿಗೆ ಮೂರು ಟೇಕ್ ಅಷ್ಟೇ. ಮೈಕುಗಳನ್ನು ಮಧ್ಯದಲ್ಲಿ ಅಲುಗಿಸಲೇ ಇಲ್ಲ, ಅದರಿಂದ ಐದೂ ಬ್ಯಾಂಡ್ ಒಂದೇ ಕೋಣೆಯಲ್ಲಿವೆ ಅಂತ ಕೇಳಿಸುತ್ತದೆ. ಕ್ಯಾಸೆಟ್ ಮಾಡುವವರು ಒಂದು ಗಮನಿಸಿ: ಎ ಸೈಡ್ ಸ್ವಲ್ಪ ಉದ್ದ ಇರಲಿ. ಬಿ ಸೈಡ್ ಉದ್ದವಾದರೆ ಎ ಸೈಡಿನ ಕೊನೆಯಲ್ಲಿ ಸುಮ್ನೆ ಖಾಲಿ ಟೇಪ್ ಓಡುತ್ತದೆ, ತಿರುಗಿಸಿ ಹಾಕುವವರಿಗೆ ಕಿರಿಕಿರಿ.

ಜಾಸ್ತಿ ಹೊತ್ತು ತಿಂದದ್ದು ಕವರ್. ಡಿಸ್ಕಾರ್ಡ್‌ನ ಇಯಾನ್ ಮೆಕಾಯ್ ಮತ್ತು ಗೆಳೆಯರು 1980ರಲ್ಲಿ ಟೀನ್ ಐಡಲ್ಸ್‌ನ ಮೊದಲ ರೆಕಾರ್ಡ್ ತಂದಾಗ ಕವರುಗಳನ್ನು ಕೈಯಲ್ಲೇ ಕತ್ತರಿಸಿ, ಮಡಚಿ, ಅಂಟಿಸಿದ್ದರು. ನಮ್ಮ ಮೊದಲ ಹತ್ತು ಕವರ್ ಹಾಳಾದವು. ದಪ್ಪ ಕಾಗದವನ್ನು ಹಾಗೇ ಮಡಚಿದರೆ ಮಡಿಕೆಯಲ್ಲಿ ಬಿರಿದು ಶಾಯಿ ಏಳುತ್ತದೆ, ಡಬ್ಬಿಯ ಮುಚ್ಚಳವೂ ಕೂರುವುದಿಲ್ಲ. ಆಮೇಲೆ ಇಂಕು ಮುಗಿದ ಬಾಲ್ ಪೆನ್ನಿನ ತುದಿಯಿಂದ, ಸ್ಕೇಲ್ ಇಟ್ಟು, ಮಡಚುವ ಜಾಗದಲ್ಲಿ ಒಂದೇ ಸಲ ಒತ್ತಿ ಗೆರೆ ಎಳೆದೆ. ಆ ಗೆರೆಯ ಮೇಲೆ ಕಾಗದ ತಾನಾಗಿ ಬಾಗಿತು. ಉಳಿದ 90 ಕವರನ್ನು ಆರು ಮಕ್ಕಳು ನಮ್ಮ ಊಟದ ಮೇಜಿನ ಸುತ್ತ ಕೂತು, ಚಿತ್ರಾನ್ನ ತಿಂದುಕೊಂಡು, ಒಂದೇ ಸಂಜೆ ಮುಗಿಸಿದರು.

ಕ್ಯಾಸೆಟ್ ಸಿದ್ಧವಾಗುವಷ್ಟರಲ್ಲಿ ಅವರಲ್ಲಿ ಒಂದು ಬ್ಯಾಂಡ್ ಇರಲಿಲ್ಲ. ಹಾಡುವ ಹುಡುಗಿ ಕಾಲೇಜಿಗೆ ಬೇರೆ ರಾಜ್ಯಕ್ಕೆ ಹೋಗಿದ್ದಳು. ಅವಳಿಗೆ ಮೂರು ಕ್ಯಾಸೆಟ್ ಪೋಸ್ಟ್ ಮಾಡಿದೆ. ಎ ಸೈಡಿನ ಮೊದಲ ಮೂರು ಹಾಡು ಅವರದ್ದೇ.

ಒಂದಕ್ಕೆ ಐದು ಡಾಲರ್ ಇಟ್ಟಿದ್ದೆವು. ಟೀನ್ ಐಡಲ್ಸ್ ಶೋಗಳಲ್ಲಿ ಬಂದ ದುಡ್ಡನ್ನು ಹಂಚಿಕೊಳ್ಳದೆ ಕೂಡಿಟ್ಟೇ ಆ ಮೊದಲ ರೆಕಾರ್ಡ್ ತಂದಿದ್ದರು, ನಾವೂ ಹಾಗೇ ಎಲ್ಲ ಒಂದು ಬಿಸ್ಕತ್ ಡಬ್ಬಿಗೆ ಹಾಕಿದೆವು. ಖರ್ಚು ಕಳೆದು 210 ಡಾಲರ್ ಇದೆ. ಇನ್ನೆರಡು ಹೊಸ ಬ್ಯಾಂಡ್‌ಗೆ ಮುಂದಿನ ಶನಿವಾರ ಬರಲು ಹೇಳಿದ್ದೇನೆ.